ಸದ್ದು ಯಾರದು, ಕಿವಿ ಯಾರದು

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಮನೆ ಎಲ್ಲಿ ಮುಗಿಯಿತು, ಮಗ್ಗದ ಮನೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಮುಂದಿನ ಕೋಣೆಯಲ್ಲೋ ಹಿತ್ತಲಿಗೆ ತಗುಲಿದ ಶೆಡ್ಡಿನಲ್ಲೋ ಎರಡೋ ನಾಲ್ಕೋ ಪವರ್‌ಲೂಮುಗಳು. ಗೋಡೆಯ ಈಚೆಗೆ ಅಡುಗೆ, ಮಕ್ಕಳ ಓದು, ಬಾಣಂತಿಯ ಹಾಸಿಗೆ. ಲಾಳಿ ಈ ಅಂಚಿನಿಂದ ಆ ಅಂಚಿಗೆ ಹಾರಬೇಕಾದರೆ ಮರದ ಕೋಲೊಂದು ಅದನ್ನು ಬಡಿದು ತಳ್ಳಬೇಕು. ಆ ಬಡಿತ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಬೀಳುತ್ತದೆ, ಒಂದೊಂದು ಮಗ್ಗಕ್ಕೂ. ನನ್ನ ಸೋದರಮಾವ ಹರೆಯದಿಂದ ಮುಪ್ಪಿನವರೆಗೆ ಇಂಥ ಒಂದು ಮನೆಯಲ್ಲಿ ದುಡಿದರು. ಮಗ್ಗ ಓಡುತ್ತಿರುವಾಗ ಅಲ್ಲಿ ಮಾತೆಂದರೆ ಕೈಸನ್ನೆ: ನೂಲು ಮುಗಿಯಿತು, ಎಳೆ ಹರಿಯಿತು, ಕಾಫಿ ತಾ. ಕರೆಂಟು ಹೋದ ಕೂಡಲೇ ಬೀದಿಗೆ ಬೀದಿಯೇ ಸುಮ್ಮನಾಗುತ್ತಿತ್ತು. ಮಾವನ ದನಿ ಮಾತ್ರ ಮಗ್ಗದ ಎತ್ತರದಲ್ಲೇ ಮುಂದುವರಿಯುತ್ತಿತ್ತು. ‘ಮೆಲ್ಲಗೆ ಮಾತಾಡಿ, ಜಗಳ ಆಡ್ತಿದಾರೆ ಅಂದ್ಕೋತಾರೆ ಪಕ್ಕದ ಮನೆಯೋರು’ ಎಂದು ಅತ್ತೆ ಗದರುತ್ತಿದ್ದರು. ಐವತ್ತು ದಾಟುವಷ್ಟರಲ್ಲಿ ಮಾವನಿಗೆ ಕಿವಿ ಮಂದವಾಗಿತ್ತು. ಅದನ್ನು ರೋಗವೆಂದು ಆ ಬೀದಿಯಲ್ಲಿ ಯಾರೂ ಎಣಿಸಿರಲಿಲ್ಲ. ನೇಯುವವರಿಗೆ ವಯಸ್ಸಾದ ಮೇಲೆ ಕಿವಿ ಹೋಗುತ್ತದೆ, ಅಷ್ಟೆ.

ಅದು ವಯಸ್ಸಿನ ಕೆಲಸವಲ್ಲ, ಸದ್ದಿನ ಕೆಲಸ. ಹಳೆಯ ಮಾದರಿಯ ಲಾಳಿ ಮಗ್ಗಗಳ ಶೆಡ್ಡಿನೊಳಗೆ ಸದ್ದು ಸುಮಾರು 95ರಿಂದ 100 ಡೆಸಿಬೆಲ್ ಇರುತ್ತದೆ. ಡೆಸಿಬೆಲ್ ಲೆಕ್ಕ ನಮ್ಮ ದಿನನಿತ್ಯದ ಕೂಡುವ ಕಳೆಯುವ ಲೆಕ್ಕಕ್ಕೆ ಬಗ್ಗುವುದಿಲ್ಲ. ಮೂರು ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಬೀಳುವ ಶಕ್ತಿ ಎರಡರಷ್ಟಾಗುತ್ತದೆ. ಹಾಗಾಗಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಇರಬಹುದು ಎಂದು ಒಪ್ಪಿಕೊಂಡರೆ, 88ರಲ್ಲಿ ನಾಲ್ಕೇ ತಾಸು, 91ರಲ್ಲಿ ಎರಡು, 94ರಲ್ಲಿ ಒಂದು. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು ಹದಿನೈದು ನಿಮಿಷ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧಕರು ಶಿಫಾರಸು ಮಾಡುವ ಈ ಲೆಕ್ಕವನ್ನು ಮಗ್ಗದ ಮನೆಗೆ ಹಿಡಿದು ನೋಡಿದರೆ ಎದೆ ಝಲ್ಲೆನ್ನುತ್ತದೆ. ಅಲ್ಲಿ ದಿನದ ಪಾಲು ಬೆಳಗಿನ ಕಾಫಿಗೆ ಮೊದಲೇ ಮುಗಿದುಹೋಗಿರುತ್ತದೆ.

ಕಿವಿ ಕಾಪಾಡಿಕೊಳ್ಳಿ ಎಂಬ ಬುದ್ಧಿಮಾತನ್ನು ನಾವು ಸಾಮಾನ್ಯವಾಗಿ ಕಿವಿ ಇರುವವರಿಗೇ ಹೇಳುತ್ತೇವೆ. ಆದರೆ ಕಿವಿ ಕೆಡಿಸುವ ಸದ್ದನ್ನು ಬಹಳ ಸಲ ಮಾಡುವವರು ಇನ್ನೊಬ್ಬರು. ಕಿವಿ ಕೆಟ್ಟ ಮೇಲೂ ಅಷ್ಟೆ. ಕೇಳಿಸದವರ ಬದುಕು ಎಷ್ಟು ಕಷ್ಟವಾಗುತ್ತದೆ ಎಂಬುದು ಎದುರಿಗೆ ನಿಂತು ಮಾತಾಡುವವರ ಮೇಲೆ ನಿಂತಿದೆ. ಈ ಎರಡು ಕಡೆಯ ಹೊಣೆಯನ್ನೂ ಕೇಳಿಸದವರ ಹೆಗಲಿಗೇ ಹೊರಿಸಿ ಉಳಿದವರು ಹಗುರಾಗಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚ್‌ನಲ್ಲಿ ಹೊರತಂದ ಶ್ರವಣ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣದೋಷವಿದೆ. ಅವರಲ್ಲಿ 43 ಕೋಟಿ ಜನರಿಗೆ ಚಿಕಿತ್ಸೆಯೋ ಸಾಧನವೋ ತರಬೇತಿಯೋ ಬೇಕೇ ಬೇಕು. 2050ರ ಹೊತ್ತಿಗೆ ಮೊದಲ ಸಂಖ್ಯೆ 250 ಕೋಟಿ ಮುಟ್ಟಬಹುದೆಂದು ಅದೇ ವರದಿ ಎಚ್ಚರಿಸಿದೆ. ನಮ್ಮ 2011ರ ಜನಗಣತಿಯಲ್ಲಿ ಶ್ರವಣದೋಷ ಉಳ್ಳವರೆಂದು ದಾಖಲಾದವರು ಸುಮಾರು 50 ಲಕ್ಷ. ಮನೆಬಾಗಿಲಲ್ಲಿ ನಿಂತ ಗಣತಿದಾರರಿಗೆ ‘ನಮ್ಮಪ್ಪನಿಗೆ ಕಿವಿ ಮಂದ’ ಎಂದು ಬರೆಸಿದವರು ಎಷ್ಟು ಮಂದಿ ಇದ್ದಾರು?

ಕಿವಿಯ ಒಳಗೆ ಏನಾಗುತ್ತದೆ ಎಂಬುದು ತಿಳಿದರೆ ಕಿವಿ ಕಾಪಾಡುವ ಅವಸರ ಯಾಕೆಂದು ಗೊತ್ತಾಗುತ್ತದೆ. ತಮಟೆಗೆ ಬಡಿದ ಸದ್ದು ಮೂರು ಪುಟ್ಟ ಮೂಳೆಗಳನ್ನು ದಾಟಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಳಗಿವಿಯನ್ನು ಮುಟ್ಟುತ್ತದೆ. ಆ ಸುರುಳಿಯಲ್ಲಿ ದ್ರವ ತುಂಬಿದೆ, ದ್ರವದಲ್ಲಿ ಅಲೆ ಏಳುತ್ತದೆ. ಸುರುಳಿಯ ಬುಡ ತಾರ ಸ್ವರಗಳಿಗೆ, ತುದಿ ಮಂದ್ರಕ್ಕೆ. ಈ ಅಲೆಯ ಓಟವನ್ನು ಬಿಡಿಸಿ ತೋರಿಸಿದ ಗೆಯೋರ್ಗ್ ಫಾನ್ ಬೆಕೆಶಿಗೆ 1961ರ ನೊಬೆಲ್ ಬಂತು. ಅಲೆಯನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ ನರಕ್ಕೆ ಒಪ್ಪಿಸುವುದು ರೋಮಕೋಶಗಳು. ಒಂದು ಕಿವಿಗೆ ಇರುವುದು ಸುಮಾರು ಹದಿನೈದು ಸಾವಿರ, ಅವುಗಳಲ್ಲಿ ಮಿದುಳಿಗೆ ಸುದ್ದಿ ಮುಟ್ಟಿಸುವ ಒಳಸಾಲಿನವು ಬರೀ ಮೂರೂವರೆ ಸಾವಿರ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ. ಮನುಷ್ಯರಲ್ಲಿ ಹುಟ್ಟುವುದಿಲ್ಲ. ಹೋದದ್ದು ಹೋದಂತೆಯೇ.

ಜಾತ್ರೆಯ ರಾತ್ರಿ ಕಿವಿಗೆ ಹತ್ತಿ ತುರುಕಿದಂತಾಗಿ ಮರುದಿನ ಸರಿಹೋದರೆ ಪಾರಾದೆವು ಎಂದುಕೊಳ್ಳುತ್ತೇವೆ. ಆ ಸಮಾಧಾನವನ್ನೂ ಹಾರ್ವರ್ಡ್‌ನ ಶರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ 2009ರಲ್ಲಿ ಕಿತ್ತುಕೊಂಡರು. ಜೋರು ಸದ್ದಿಗೆ ಒಡ್ಡಿದ ಇಲಿಗಳಲ್ಲಿ ಕೇಳುವ ಶಕ್ತಿ ಪರೀಕ್ಷೆಯ ಮಟ್ಟಿಗೆ ಪೂರ್ತಿ ಮರಳಿತು. ರೋಮಕೋಶಕ್ಕೂ ನರಕ್ಕೂ ಇದ್ದ ಕೊಂಡಿಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮರಳಲಿಲ್ಲ. ಮನುಷ್ಯರಲ್ಲಿ ಇದೇ ಪ್ರಮಾಣದಲ್ಲಿ ನಡೆಯುತ್ತದೆಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ‘ಟೆಸ್ಟ್ ನಾರ್ಮಲ್ ಬಂತು, ಗದ್ದಲದಲ್ಲಿ ಮಾತ್ರ ಏನೂ ತಿಳಿಯಲ್ಲ’ ಎನ್ನುವ ಮೂವತ್ತರ ಹರೆಯದವರ ದೂರನ್ನು ತಳ್ಳಿಹಾಕುವ ಹಾಗಿಲ್ಲ.

ಕಸುಬಿನಿಂದ ಬರುವ ಕಿವುಡು ಹೊಸ ಸಂಗತಿಯೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಜ್ಜಿನಿ 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದಿನವಿಡೀ ತಾಮ್ರ ಬಡಿಯುವ ವೆನಿಸ್ಸಿನ ಕಂಚುಗಾರರು ಕಿವುಡಾಗುವುದನ್ನು ದಾಖಲಿಸಿದ್ದ. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಸದ್ದಿನಿಂದ ಬರುವ ಶ್ರವಣದೋಷವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಇಟ್ಟಿತ್ತು. ಆದರೆ ವಿದ್ಯುತ್ ಬಳಸುವ ಜಾಗದಲ್ಲಿ ಕನಿಷ್ಠ ಹತ್ತು ಕೆಲಸಗಾರರಿದ್ದರೆ ಮಾತ್ರ ಅದು ಆ ಕಾಯ್ದೆಯ ಕಣ್ಣಿಗೆ ಕಾರ್ಖಾನೆಯಾಗಿತ್ತು. ಕೆಲಸಗಾರರ ಸುರಕ್ಷತೆಯ 2020ರ ಸಂಹಿತೆಯಲ್ಲಿ ಈ ಸಂಖ್ಯೆ ಇಪ್ಪತ್ತಕ್ಕೆ ಏರಿತು. ಗಂಡ, ಹೆಂಡತಿ, ಮಗ ಸೇರಿ ನಾಲ್ಕು ಮಗ್ಗ ಓಡಿಸುವ ಮನೆ ಯಾವ ಲೆಕ್ಕಕ್ಕೂ ಸಿಗದು. ಹಿಟ್ಟಿನ ಗಿರಣಿ, ಕಲ್ಲು ಕೊರೆಯುವ ಅಂಗಳ, ಗ್ರಿಲ್ ಬೆಸೆಯುವ ಶೆಡ್ಡು, ಮಲೆನಾಡಿನ ತೋಟದಲ್ಲಿ ಹೆಗಲಿಗೆ ಕಳೆ ಕೊಚ್ಚುವ ಮಷಿನ್ ನೇತುಹಾಕಿಕೊಂಡು ಇಡೀ ದಿನ ನಿಲ್ಲುವ ಆಳು, ಇವರೆಲ್ಲ ಅದೇ ಸಾಲಿನವರು. ಸದ್ದಿಗೆ ಮಾತ್ರ ಹತ್ತು, ಇಪ್ಪತ್ತರ ಭೇದವಿಲ್ಲ.

ಇವರಲ್ಲಿ ಕೆಲವರು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಬರೀ ಹತ್ತಿ ಹೆಚ್ಚುಕಡಿಮೆ ಏನನ್ನೂ ತಡೆಯುವುದಿಲ್ಲ. ಫೋಮಿನ ಇಯರ್‌ಪ್ಲಗ್ಗು ಅಗ್ಗದ ವಸ್ತು, ಹಾಕಿಕೊಳ್ಳುವ ಬಗೆ ತಿಳಿದಿರಬೇಕು. ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಒಳಗೆ ಸೇರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿಹಿಡಿಯಬೇಕು. ಹೊರಗೆ ಅರ್ಧ ನೇತಾಡುತ್ತಿದ್ದರೆ ಹಾಕಿಯೂ ಹಾಕದಂತೆ. ಕೈಯಳತೆಯ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ ಅಲ್ಲಿನ ಸದ್ದು 85ರ ಆಸುಪಾಸಿಗೆ ಬಂದಿದೆಯೆಂದೇ ತಿಳಿಯಬಹುದು, ಅದಕ್ಕೆ ಮೀಟರು ಬೇಕಿಲ್ಲ. ಕಿವಿಯೊಳಗೆ ತೂರುವ ಈ ತುಂಡು ಕೊನೆಯ ಉಪಾಯವೆನ್ನುವುದನ್ನೂ ಮರೆಯಬಾರದು. ಮಗ್ಗದ ಕೆಳಗೆ ರಬ್ಬರಿನ ಹಾಸು, ಸಡಿಲವಾದ ಭಾಗಗಳ ರಿಪೇರಿ, ಲಾಳಿಯೇ ಇಲ್ಲದ ಹೊಸ ಮಗ್ಗ, ಮಗ್ಗಕ್ಕೂ ಮಲಗುವ ಕೋಣೆಗೂ ನಡುವೆ ಗಟ್ಟಿ ಗೋಡೆ, ಇವು ಮೊದಲ ಉಪಾಯಗಳು. ಇವಕ್ಕೆ ಹಣ ಬೇಕು. ಮಗ್ಗಕ್ಕೆ ಸಹಾಯಧನ ಕೊಡುವ ಸರ್ಕಾರಗಳು ಮಗ್ಗದ ಸದ್ದನ್ನು ಇಳಿಸುವುದಕ್ಕೂ ಒಂದು ಪಾಲು ತೆಗೆದಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಹಬ್ಬದ ಸದ್ದು. ಗಣಪತಿ ಬಿಡುವ ಮೆರವಣಿಗೆಯಲ್ಲಿ ಲಾರಿಯ ತುಂಬ ಪೇರಿಸಿದ ಸ್ಪೀಕರುಗಳ ಮುಂದೆ ನಿಂತವರಿಗೆ ಎದೆಯೊಳಗೇ ಗುದ್ದಿದಂತಾಗುತ್ತದೆ. ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂಬುದನ್ನು ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಗಟ್ಟಿಯಾಗಿ ಎತ್ತಿಹಿಡಿಯಿತು. ಪಟಾಕಿಗೂ ಮಿತಿಯಿದೆ, ಸಿಡಿದ ಜಾಗದಿಂದ ನಾಲ್ಕು ಮೀಟರು ದೂರದಲ್ಲಿ 125 ಡೆಸಿಬೆಲ್. ಮಕ್ಕಳು ನಾಲ್ಕು ಮೀಟರು ದೂರ ನಿಲ್ಲುತ್ತಾರೆಯೇ? ಜಿಲ್ಲಾಡಳಿತಗಳು ಡಿಜೆ ನಿಷೇಧಿಸಿದಾಗೆಲ್ಲ ವಾದ ಭಕ್ತಿಯ ಕಡೆಗೆ ತಿರುಗಿ ಆರೋಗ್ಯದ ಮಾತು ಹಿಂದೆ ಬೀಳುತ್ತದೆ. ಆ ಲಾರಿಯ ಮೇಲೆ ವೈರು ಹಿಡಿದು, ಜನರೇಟರು ನೋಡಿಕೊಂಡು, ಸೀಜನ್ ಪೂರ್ತಿ ರಾತ್ರಿಗಳನ್ನು ಕಳೆಯುವ ಹದಿನೆಂಟು ಇಪ್ಪತ್ತರ ಹುಡುಗರ ನೆನಪು ಎರಡೂ ಕಡೆಯವರಿಗೆ ಬರುವುದಿಲ್ಲ. ಮೊದಲು ಕಿವುಡಾಗುವವರು ಅವರೇ. ಮನರಂಜನೆಯ ಜಾಗಗಳಲ್ಲಿ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ದಾಟಬಾರದು, ಬೇಕಾದವರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ಬಿಡುವು ಕೊಡುವ ಶಾಂತ ಮೂಲೆಯೊಂದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಹೊರಡಿಸಿದೆ. ನಮ್ಮ ಕಲ್ಯಾಣ ಮಂಟಪಗಳ ಆರ್ಕೆಸ್ಟ್ರಾಕ್ಕೂ ಇದು ಅನ್ವಯಿಸಿದರೆ ಊಟದ ಪಂಕ್ತಿಯಲ್ಲಿ ಕುಳಿತವರು ಒಬ್ಬರನ್ನೊಬ್ಬರು ಮಾತಾಡಿಸಬಹುದು.

ಇಯರ್‌ಫೋನಿನ ವಿಷಯ ಎಲ್ಲರಿಗೂ ಗೊತ್ತು, ಆದ್ದರಿಂದ ಸಂಖ್ಯೆಯಷ್ಟನ್ನೇ ಹೇಳುತ್ತೇನೆ. ದೊಡ್ಡವರಿಗೆ ಮಿತಿ ವಾರಕ್ಕೆ 40 ತಾಸು 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ತಾಸು 75. ಬಸ್ಸಿನ ಗದ್ದಲದ ಮೇಲೆ ಹಾಡು ಕೇಳಿಸಲೆಂದು ನಾವು ಸದ್ದು ಏರಿಸುವುದೇ ಅಪಾಯದ ಮೂಲ. ಹೊರಗಿನ ಸದ್ದು ತಡೆಯುವ ಬಗೆಯ ಹೆಡ್‌ಫೋನು ಅಲ್ಲಿ ನಿಜಕ್ಕೂ ಉಪಕಾರಿ.

ಎಲ್ಲ ಕಿವುಡೂ ಸದ್ದಿನಿಂದಲ್ಲ. ಹುಟ್ಟಿನಿಂದಲೇ ಬರುವುದಕ್ಕೆ ಕಾರಣಗಳು ಹಲವು. ಬಸಿರಿಗೆ ರುಬೆಲ್ಲಾ ತಗುಲಿದರೆ ಮಗುವಿನ ಕಿವಿ, ಕಣ್ಣು, ಹೃದಯ ಮೂರಕ್ಕೂ ಪೆಟ್ಟು. ದಡಾರ ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನ 2017ರ ಫೆಬ್ರುವರಿಯಲ್ಲಿ ಆರಂಭವಾದಾಗ ಮೊದಲ ಸುತ್ತಿನಲ್ಲೇ ಕರ್ನಾಟಕ ಇತ್ತು. ಶಾಲೆಗಳಲ್ಲಿ ಸಾಲು ನಿಂತು ಚುಚ್ಚಿಸಿಕೊಂಡ ಹುಡುಗಿಯರು ಈಗ ತಾಯಂದಿರಾಗುವ ವಯಸ್ಸಿಗೆ ಬಂದಿದ್ದಾರೆ, ಅದರ ಫಲ ಅವರ ಮಕ್ಕಳ ಕಿವಿಗೆ ಸಿಗಬೇಕಾದ ಕಾಲವಿದು. ಇನ್ನೊಂದು, ನಾವು ಹೇಳಲು ಹಿಂಜರಿಯುವ ಕಾರಣ: ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆಯ ಮಗನಿಗೆ ಕೊಡುವುದು. ಜಿಜೆಬಿ2 ಎಂಬ ಜೀನಿನ ದೋಷವಿರುವ ಪ್ರತಿ ತಂದೆತಾಯಿ ಇಬ್ಬರಲ್ಲೂ ಒಂದೊಂದು ಅಡಗಿರಬಹುದು, ಇಬ್ಬರಿಗೂ ಕಿವಿ ಚೆನ್ನಾಗಿಯೇ ಇರುತ್ತದೆ. ಮಗುವಿಗೆ ಎರಡೂ ಪ್ರತಿ ಸೇರಿದಾಗ ಕಿವುಡು. ಒಂದೇ ಬಳ್ಳಿಯವರಲ್ಲಿ ಹಾಗೆ ಸೇರುವ ಸಾಧ್ಯತೆ ಹೆಚ್ಚು. ಇದರಲ್ಲಿ ತಾಯಿಯ ಪಾಪವೂ ಇಲ್ಲ, ಗ್ರಹಣದ ದೋಷವೂ ಇಲ್ಲ.

ಮಗುವಿನ ಮಟ್ಟಿಗೆ ಎಲ್ಲಕ್ಕಿಂತ ದುಬಾರಿಯಾಗುವುದು ಕಾಲ. ಹುಟ್ಟಿದ ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ ಎಂಬುದು ಜಗತ್ತು ಒಪ್ಪಿದ ಕ್ರಮ. ಓಎಇ ಎಂಬ ಪರೀಕ್ಷೆಗೆ ಮಲಗಿದ ಮಗುವಿನ ಕಿವಿಯಲ್ಲಿ ಪುಟ್ಟ ಸಾಧನವೊಂದನ್ನು ಕೆಲವು ನಿಮಿಷ ಇಟ್ಟರಾಯಿತು, ನೋವಿಲ್ಲ. ಅನುಮಾನ ಬಂದರೆ ‘ಬೇರಾ’ ಪರೀಕ್ಷೆ. ಇಷ್ಟಿದ್ದೂ ಎಷ್ಟೋ ಮನೆಗಳಲ್ಲಿ ಎರಡು ವರ್ಷ ತುಂಬುವ ತನಕ ‘ಅವರಪ್ಪನೂ ತಡವಾಗೇ ಮಾತಾಡಿದ್ದ’ ಎಂಬ ಮಾತಿನಲ್ಲೇ ಕಾಲ ಕಳೆಯುತ್ತದೆ. ಮಿದುಳು ಮಾತನ್ನು ಕಲಿಯಲು ಹಸಿದಿರುವ ವರ್ಷಗಳು ಅವೇ. ಈ ನಿಟ್ಟಿನಲ್ಲಿ ಕನ್ನಡಿಗರು ಅದೃಷ್ಟವಂತರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಹುಟ್ಟಿದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಮಗ್ಗುಲಲ್ಲೇ ಇದೆ. ಮೈಸೂರಿನಲ್ಲಿ ಬೆಳೆದ ಒಂದು ಪದ್ಧತಿ ನನಗೆ ಬಹಳ ಮೆಚ್ಚುಗೆಯದು: ತಾಯಿಯನ್ನೂ ಮಗುವಿನ ಜೊತೆ ತರಗತಿಯಲ್ಲಿ ಕೂರಿಸಿ, ಮಾತು ಕಲಿಸುವ ಬಗೆಯನ್ನು ಅವಳಿಗೇ ಕಲಿಸುವುದು. ದೂರದ ಜಿಲ್ಲೆಗಳಿಂದ ಬಂದು ಬಾಡಿಗೆ ಕೋಣೆ ಹಿಡಿದು ಮಗುವಿಗಾಗಿ ವರ್ಷಗಟ್ಟಲೆ ನಿಲ್ಲುವ ಆ ತಾಯಂದಿರಿಗೆ ಊಟ ವಸತಿಯ ನೆರವು ಎಷ್ಟು ಕೊಟ್ಟರೂ ಕಡಿಮೆಯೇ.

ಮಕ್ಕಳಲ್ಲಿ ಮತ್ತೊಂದು ದೊಡ್ಡ ಕಾರಣ ಕಿವಿ ಸೋರುವುದು. ನೆಗಡಿಯ ಸೋಂಕು ಮೂಗಿನ ಹಿಂದಿನ ನಾಳದಿಂದ ನಡುಗಿವಿಗೆ ಹತ್ತಿ, ಕೀವು ತುಂಬಿ, ತಮಟೆ ತೂತಾಗುತ್ತದೆ. ಅದನ್ನು ಔಷಧಿಯಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಬಹುಪಾಲು ಸರಿಪಡಿಸಬಹುದು. ಅದರ ಬದಲು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನೋ ಸೊಪ್ಪಿನ ರಸವನ್ನೋ ಬಿಟ್ಟು ಸೋಂಕನ್ನು ಹೆಚ್ಚಿಸುತ್ತೇವೆ. ಸೋರುವ ಕಿವಿ ಒಣಗಿರಬೇಕು, ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಸವರಿದ ಹತ್ತಿ ಇಡಬೇಕು, ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು. ಗುಗ್ಗೆಯ ವಿಷಯಕ್ಕೆ ಬಂದರೆ ಅದು ಕೊಳೆಯಲ್ಲ, ಕಿವಿಯ ಕಾವಲು, ತಾನಾಗಿ ಹೊರಗೆ ಬರುತ್ತದೆ. ಬಡ್ಸು, ಬೆಂಕಿಕಡ್ಡಿ, ಹೇರ್‌ಪಿನ್ನು ಅದನ್ನು ಒಳಕ್ಕೆ ದೂಡುತ್ತವೆ. ಕಪಾಳಕ್ಕೆ ಹೊಡೆದರೂ ತಮಟೆ ಒಡೆಯುತ್ತದೆ. ಶಿಸ್ತಿನ ಹೆಸರಲ್ಲಿ ಕೈಯೆತ್ತುವ ಮೇಷ್ಟರುಗಳೂ ಅಪ್ಪಂದಿರೂ ಇದನ್ನು ತಿಳಿದಿರಬೇಕು.

ಕೆಲವು ಔಷಧಿಗಳೂ ಒಳಗಿವಿಗೆ ವಿಷ. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಚುಚ್ಚುಮದ್ದುಗಳು, ಕ್ಯಾನ್ಸರಿನ ಸಿಸ್‌ಪ್ಲಾಟಿನ್ ಜೀವ ಉಳಿಸುವಾಗಲೂ ಕಿವಿಯನ್ನು ಬಲಿ ತೆಗೆದುಕೊಳ್ಳಬಹುದು. ಔಷಧಿಗೆ ಬಗ್ಗದ ಕ್ಷಯಕ್ಕೆ ಕ್ಯಾನಾಮೈಸಿನ್ ಚುಚ್ಚಿಸಿಕೊಂಡು ಕ್ಷಯ ಗೆದ್ದು ಕಿವಿ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. 2018ರಿಂದೀಚೆಗೆ ಚಿಕಿತ್ಸೆ ಮಾತ್ರೆಗಳ ಕಡೆಗೆ ಹೊರಳಿದ್ದು ಈ ದೃಷ್ಟಿಯಿಂದ ದೊಡ್ಡ ಬಿಡುಗಡೆ. ಇನ್ನೊಂದು ಮಾತನ್ನು ಪ್ರತಿ ಮನೆಯವರೂ ನೆನಪಿಡಬೇಕು. ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಮುಚ್ಚಿಕೊಂಡಿದ್ದರೆ ಅದು ಗುಗ್ಗೆಯೆಂದೋ ಶೀತವೆಂದೋ ವಾರ ಕಾಯಬಾರದು. ಹಠಾತ್ ಶ್ರವಣನಾಶ ತುರ್ತು ಚಿಕಿತ್ಸೆ ಬೇಡುವ ಕಾಯಿಲೆ. ಸ್ಟೀರಾಯ್ಡ್ ಮೊದಲ ಕೆಲವು ದಿನಗಳಲ್ಲಿ ಸಿಕ್ಕರೆ ಕಿವಿ ಮರಳುವ ಸಾಧ್ಯತೆ ಹೆಚ್ಚು, ಎರಡು ವಾರ ಕಳೆದ ಮೇಲೆ ಬಹಳ ಕಡಿಮೆ.

ವಯಸ್ಸಿನಿಂದಲೋ ಸದ್ದಿನಿಂದಲೋ ಬರುವ ಮಂದಗಿವಿ ಹೀಗೆ ಹೇಳಿ ಬರುವುದಿಲ್ಲ. ಸದ್ದಿನ ಪೆಟ್ಟು ಮೊದಲು ಬೀಳುವುದು 4000 ಹರ್ಟ್ಸ್ ಸುತ್ತಮುತ್ತ, ವಯಸ್ಸಿನದು ಇನ್ನೂ ಮೇಲಿನ ತಾರದಲ್ಲಿ. ಕನ್ನಡದ ಸ್ವರಗಳು ಕೆಳಗಿನ ಆವರ್ತನದಲ್ಲಿವೆ, ಗಟ್ಟಿಯೂ ಆಗಿವೆ. ಸ, ಶ, ತ, ಕ, ಫ ಮುಂತಾದ ವ್ಯಂಜನಗಳ ಗುರುತು ಮೇಲಿನ ಆವರ್ತನದಲ್ಲಿದೆ, ಅವು ಮೊದಲೇ ಮೆಲ್ಲಗಿನವು. ಆದ್ದರಿಂದ ದನಿ ಕೇಳುತ್ತದೆ, ಪದ ಸಿಗುವುದಿಲ್ಲ. ಊಟಕ್ಕೆ ಬಡಿಸುತ್ತಿರುವ ಹಿರಿಯರಿಗೆ ಎಲೆಯ ಮುಂದೆ ಕುಳಿತವರ ‘ಸಾಕು’ ‘ಹಾಕು’ ಆಗಿ ಕೇಳಿಸಬಹುದು. ‘ನೀವು ಮಾತಾಡೋದು ಕೇಳುತ್ತೆ, ಏನಂತ ತಿಳಿಯಲ್ಲ’, ‘ಈಗಿನೋರು ಗೊಣಗ್ತಾರೆ’ ಎನ್ನುವ ಮಾತುಗಳು ನೆಪವಲ್ಲ, ರೋಗದ ಸರಿಯಾದ ವರ್ಣನೆ. ಎದುರಿನವರ ತುಟಿ ನೋಡಿ ಅರ್ಧ ತುಂಬಿಕೊಳ್ಳುತ್ತಿದ್ದೆವೆಂದು ಎಷ್ಟೋ ಜನರಿಗೆ ಗೊತ್ತಾದದ್ದು ಕೋವಿಡ್ ಕಾಲದಲ್ಲಿ ಎಲ್ಲರ ಬಾಯಿಗೂ ಮಾಸ್ಕ್ ಬಂದಾಗ.

ಇಲ್ಲಿಂದ ಮನೆಯ ಕಥೆ ಶುರುವಾಗುತ್ತದೆ. ಟಿವಿ ಸದ್ದಿಗೆ ಜಗಳ. ‘ಬೇಕಾದ್ದು ಮಾತ್ರ ಕೇಳುತ್ತೆ’ ಎಂಬ ಚುಚ್ಚುಮಾತು. ಎರಡು ಸಲ ‘ಏನು?’ ಎಂದವರಿಗೆ ಮೂರನೆಯ ಸಲ ಸಿಗುವ ಉತ್ತರ ‘ಏನಿಲ್ಲ ಬಿಡಿ’. ಆ ‘ಬಿಡಿ’ ಎಷ್ಟು ಕ್ರೂರವೆಂದು ಹೇಳುವವರಿಗೆ ಗೊತ್ತಾಗುವುದಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ನಕ್ಕಾಗ ನಕ್ಕು, ಎಲ್ಲರೂ ತಲೆಯಾಡಿಸಿದಾಗ ಆಡಿಸಿ, ಕೊನೆಗೆ ಹೋಗುವುದನ್ನೇ ನಿಲ್ಲಿಸುತ್ತಾರೆ. ನಾಟಕ, ಸಿನಿಮಾಗಳು ಕಿವುಡು ಮಾವನನ್ನೋ ಕಿವುಡಜ್ಜಿಯನ್ನೋ ನಿಲ್ಲಿಸಿ ತಲೆಮಾರುಗಳಿಂದ ನಗಿಸಿವೆ. ಕನ್ನಡಕ ಹಾಕಿದವರನ್ನು ನೋಡಿ ಯಾರೂ ನಗುವುದಿಲ್ಲ. ಕಿವಿಗೆ ಮಿಷನ್ ಹಾಕಿಕೊಳ್ಳಲು ಜನ ವರ್ಷಗಟ್ಟಲೆ ಹಿಂದೆಮುಂದೆ ನೋಡುವುದಕ್ಕೆ ಈ ನಗೆಯೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಜೊತೆಗೆ ಹಲವರಿಗೆ ಕಿವಿಯೊಳಗೆ ಹಗಲಿರುಳು ಗುಂಯ್ ಎನ್ನುವ ಮೊರೆತ ಬೇರೆ. ಅದಕ್ಕೆ ಪೂರ್ತಿ ವಾಸಿ ಮಾಡುವ ಮಾತ್ರೆ ಇಲ್ಲ. ಶ್ರವಣಸಾಧನ, ರಾತ್ರಿ ಫ್ಯಾನಿನಂಥ ಮೆಲುಸದ್ದು, ಆತಂಕ ಇಳಿಸುವ ಆಪ್ತಸಮಾಲೋಚನೆ ಇವುಗಳಿಂದ ಅದರ ಕಾಟ ತಗ್ಗುತ್ತದೆ. ಒಂದೇ ಕಿವಿಯಲ್ಲಿ ಮೊರೆತವಿದ್ದರೆ ಮಾತ್ರ ತಪ್ಪದೆ ಪರೀಕ್ಷೆ ಮಾಡಿಸಬೇಕು.

ಮಿಷನ್ ಕೊಂಡವರಲ್ಲಿ ಹಲವರು ಅದನ್ನು ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಯಾಕೆ? ವರ್ಷಗಳಿಂದ ಕೇಳದಿದ್ದ ಪಾತ್ರೆಯ ಸದ್ದು, ಪೇಪರು ಮಗುಚುವ ಸದ್ದು, ತಮ್ಮದೇ ಹೆಜ್ಜೆಯ ಸದ್ದು ಒಮ್ಮೆಲೇ ಮೇಲೆ ಬೀಳುತ್ತದೆ. ಯಾವುದನ್ನು ಬದಿಗೆ ಸರಿಸಬೇಕೆಂದು ಮಿದುಳು ಮತ್ತೆ ಕಲಿಯಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಮೊದಲು ಶಾಂತ ಕೋಣೆಯಲ್ಲಿ ಒಬ್ಬರ ಜೊತೆ ದಿನಕ್ಕೆ ಒಂದೆರಡು ತಾಸು, ಆಮೇಲೆ ಮನೆಮಂದಿ, ಕೊನೆಗೆ ಸಂತೆ. ಆಡಿಯಾಲಜಿಸ್ಟ್ ಬಳಿಗೆ ಎರಡು ಮೂರು ಸಲ ಹೋಗಿ ಹೊಂದಿಸಿಕೊಳ್ಳಬೇಕು. ಪರೀಕ್ಷೆಯೇ ಇಲ್ಲದೆ ಸಿಗುವ ಅಗ್ಗದ ಯಂತ್ರ ಎಲ್ಲ ಸದ್ದನ್ನೂ ಒಂದೇ ಸಮ ಏರಿಸಿ ಉಳಿದ ಕಿವಿಯನ್ನೂ ದಣಿಸುತ್ತದೆ. ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಸಾಧನ ಹಾಕಿದಾಗಲೇ ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯುತ್ತದೆ. ರಸ್ತೆ ದಾಟುವವರಿಗೆ ಇದು ಜೀವದ ಪ್ರಶ್ನೆ. ಕರಾವಳಿಯವರು ಮಳೆಗಾಲದಲ್ಲಿ ಸಾಧನವನ್ನು ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿಡಬೇಕು, ತೇವ ಹೊಕ್ಕರೆ ರಿಪೇರಿಯೇ.

ಸಾಧನದ ಮಾತಿನಲ್ಲಿ ಮರೆವಿನ ಕಾಯಿಲೆಯ ಸುದ್ದಿಯೂ ಬರುತ್ತದೆ, ಕೆಲವು ಅಂಗಡಿಗಳು ಅದನ್ನೇ ಹೆದರಿಸಲು ಬಳಸುತ್ತವೆ. ತಡೆಯಬಹುದಾದ ಕಾರಣಗಳಲ್ಲಿ ಶ್ರವಣದೋಷ ಮುಖ್ಯವಾದುದೆಂದು ಲ್ಯಾನ್ಸೆಟ್ ಆಯೋಗದ 2024ರ ವರದಿ ಹೇಳಿದೆ ನಿಜ. ಆದರೆ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ (2023) ಶ್ರವಣಸಾಧನದಿಂದ ಇಡೀ ಗುಂಪಿಗೆ ಬುದ್ಧಿಶಕ್ತಿಯ ಲಾಭ ಕಾಣಲಿಲ್ಲ. ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಬುದ್ಧಿಯ ಇಳಿತ ಶೇ 48ರಷ್ಟು ನಿಧಾನವಾಯಿತು. ಮೊಮ್ಮಗಳ ಮಾತು ಕೇಳುವುದಕ್ಕೆ ಸಾಧನ ಹಾಕಿಕೊಳ್ಳಲಿ, ಅಷ್ಟು ಕಾರಣ ಸಾಲದೇ?

ಸಾಧನಕ್ಕೂ ಬಗ್ಗದ ಕಿವುಡಿಗೆ, ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್. ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ 1978ರಲ್ಲಿ ಕೂರಿಸಿದ ಬಹುತಂತಿಯ ಸಾಧನದಿಂದ ಇಲ್ಲಿಯವರೆಗೆ ಈ ವಿದ್ಯೆ ಬಹಳ ದೂರ ಬಂದಿದೆ. ಕೇಂದ್ರದ ಅಡಿಪ್ ಯೋಜನೆ 2014ರ ಪರಿಷ್ಕರಣೆಯಲ್ಲಿ ಬಡಮಕ್ಕಳಿಗೆ ಒಂದೊಂದು ಇಂಪ್ಲಾಂಟಿಗೆ 6 ಲಕ್ಷ ರೂಪಾಯಿವರೆಗೆ ಕೊಡಲು ಒಪ್ಪಿತು. ಶಸ್ತ್ರಚಿಕಿತ್ಸೆಯ ದಿನ ಫೋಟೊ ತೆಗೆಯುತ್ತಾರೆ. ಅಲ್ಲಿಂದ ಮುಂದಿನ ತರಬೇತಿ, ವಾರಂಟಿ ಮುಗಿದ ಮೇಲೆ ಕೆಡುವ ಪ್ರೊಸೆಸರು, ಹರಿಯುವ ಕೇಬಲ್ಲು, ಬ್ಯಾಟರಿ, ಇವುಗಳ ಖರ್ಚು ಕೂಲಿ ಮಾಡುವ ತಂದೆಯ ಕೈಮೀರುತ್ತದೆ. ಪ್ರೊಸೆಸರು ನಿಂತರೆ ಮಗು ಮತ್ತೆ ನಿಶ್ಶಬ್ದಕ್ಕೆ ಬೀಳುತ್ತದೆ. ಸಾಧನ ಕೊಟ್ಟ ಸರ್ಕಾರ ಅದರ ಆಯುಷ್ಯಕ್ಕೂ ಹೊಣೆ ಹೊರಬೇಕು.

ಕಾನೂನಿನಲ್ಲಿ ಒಂದು ದೊಡ್ಡ ಬಿರುಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬೆಲ್ ನಷ್ಟವಿದ್ದವರನ್ನು ಮಂದಶ್ರವಣರೆಂದೂ 70 ಡೆಸಿಬೆಲ್ ನಷ್ಟವಾದವರನ್ನು ಕಿವುಡರೆಂದೂ ಕರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಬದುಕಿಗೆ ತೊಡಕಾಗುವ ನಷ್ಟವೆಂದು ಎಣಿಸುವುದು 35 ಡೆಸಿಬೆಲ್‌ನಿಂದ. ನಡುವೆ ಉಳಿದ ಐವತ್ತು ಡೆಸಿಬೆಲ್‌ನ ಮೇಷ್ಟರು, ಕಂಡಕ್ಟರು, ನರ್ಸಮ್ಮ ಕೆಲಸದಲ್ಲಿ ದಿನವೂ ಒದ್ದಾಡುತ್ತಾರೆ. ಕಾಗದದ ಮೇಲೆ ಅವರಿಗೆ ಏನೂ ಆಗಿಲ್ಲ.

ಹುಟ್ಟುಕಿವುಡರ ಸಮುದಾಯಕ್ಕೆ ಈ ದುಃಖದ ಭಾಷೆ ಒಗ್ಗುವುದಿಲ್ಲವೆಂಬುದನ್ನೂ ಗೌರವಿಸಬೇಕು. ಅವರಿಗೆ ಸನ್ನೆಭಾಷೆಯಿದೆ, ಅದಕ್ಕೆ ತನ್ನದೇ ವ್ಯಾಕರಣವಿದೆ, ಅದರಲ್ಲಿ ಜಗಳವೂ ಪ್ರೇಮವೂ ಹರಟೆಯೂ ನಡೆಯುತ್ತದೆ. ಭಾರತೀಯ ಸನ್ನೆಭಾಷೆಗೆ ಮೀಸಲಾದ ರಾಷ್ಟ್ರೀಯ ಕೇಂದ್ರ ದೆಹಲಿಯಲ್ಲಿ 2015ರಲ್ಲಿ ಬಂತು, 2018ರಲ್ಲಿ ಮೂರು ಸಾವಿರ ಪದಗಳ ನಿಘಂಟು ಬಂತು. ಸನ್ನೆ ಕಲಿಸಿದರೆ ಮಗು ಬಾಯಿಮಾತು ಕಲಿಯದೆಂಬ ಹಳೆಯ ಭಯ ಇನ್ನೂ ಹಲವರಲ್ಲಿದೆ. ಭಾಷೆಯೇ ಇಲ್ಲದೆ ಮಗುವನ್ನು ಐದು ವರ್ಷ ಬಿಡುವುದಕ್ಕಿಂತ ದೊಡ್ಡ ಹಾನಿ ಇನ್ನೊಂದಿಲ್ಲ. ಬಾಯಿಮಾತಾಗಲಿ ಸನ್ನೆಯಾಗಲಿ, ಒಂದು ಪೂರ್ಣ ಭಾಷೆ ಅದಕ್ಕೆ ಬೇಗ ಸಿಗಬೇಕು.

ಉಳಿದದ್ದು ಎದುರಿಗಿರುವವರ ಕೆಲಸ. ಮೊದಲು ಹೆಸರು ಹಿಡಿದು ಕರೆಯಿರಿ ಅಥವಾ ಭುಜ ಮುಟ್ಟಿ, ಮುಖ ಬೆಳಕಿಗಿರಲಿ, ಬಾಯಿಗೆ ಕೈ ಅಡ್ಡ ಬೇಡ. ಅರಚಬೇಡಿ, ಅರಚಿದರೆ ಸ್ವರಗಳಷ್ಟೇ ದೊಡ್ಡದಾಗಿ ವ್ಯಂಜನಗಳು ಹೂತುಹೋಗುತ್ತವೆ. ತುಸು ನಿಧಾನವಾಗಿ, ಬಿಡಿಸಿ ಹೇಳಿ. ತಿಳಿಯದಿದ್ದರೆ ಅದೇ ವಾಕ್ಯ ಮತ್ತೆ ಹೇಳುವುದಕ್ಕಿಂತ ಬೇರೆ ಪದ ಬಳಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಟೋಕನ್ ಸಂಖ್ಯೆಯನ್ನು ಕೂಗಿದರೆ ಸಾಲದು, ಪರದೆಯ ಮೇಲೆ ತೋರಿಸಬೇಕು. ಗಾಜಿನ ಹಿಂದೆ ಕುಳಿತ ಬ್ಯಾಂಕಿನ ಗುಮಾಸ್ತರ ಬಳಿ ಒಂದು ಕಾಗದ ಪೆನ್ನು ಇರಬೇಕು. ಕನ್ನಡದ ಟಿವಿ, ಸಿನಿಮಾ ಮಂದಿಗೆ ನನ್ನದೊಂದು ಬೇಡಿಕೆ. ಕೇಳಿಸದವರಿಗೂ ಚಿತ್ರಮಂದಿರದಲ್ಲಿ ಅನುಕೂಲವಿರಬೇಕೆಂದು ಕೇಂದ್ರದ ವಾರ್ತಾ ಇಲಾಖೆ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇಂದಿಗೂ ಬಹುತೇಕ ಕನ್ನಡ ಚಿತ್ರಗಳನ್ನು ಮೊಬೈಲಿನಲ್ಲಿ ತೆರೆದರೆ ಕೆಳಗೆ ಓಡುವ ಸಾಲುಗಳು ಇಂಗ್ಲಿಷಿನವು, ಕನ್ನಡ ಬಾರದವರಿಗಾಗಿ ಇಟ್ಟವು. ಕನ್ನಡವನ್ನೇ ಓದಬಲ್ಲ, ಕನ್ನಡವನ್ನು ಕೇಳಲಾರದ ಲಕ್ಷಾಂತರ ಜನರಿಗೆ ಕನ್ನಡದಲ್ಲೇ ಸಾಲುಗಳು ಬೇಕು. ಸಂಭಾಷಣೆಯ ಹಸ್ತಪ್ರತಿ ನಿರ್ಮಾಪಕರ ಕೈಯಲ್ಲಿ ಮೊದಲೇ ಇರುತ್ತದೆ. ಅದನ್ನು ಸಮಯಕ್ಕೆ ಹೊಂದಿಸಿ ಕೂರಿಸುವ ಖರ್ಚು ಒಂದು ಹಾಡಿನ ಚಿತ್ರೀಕರಣದ ಮುಂದೆ ಏನೇನೂ ಅಲ್ಲ, ಮುಂದಿನ ಚಿತ್ರದಿಂದಲೇ ಶುರುಮಾಡಬಹುದು.